ನೋಡಲು ಹೋದರೆ ಬೀಳುವ ಪ್ರೋಗ್ರಾಂ

ಕಂಪ್ಯೂಟರ್ ಸರಿಮಾಡಲು ಹೋದ ಕಡೆಯೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಆಗುವಾಗ ತಲೆ ಚಚ್ಚಿಕೊಳ್ಳುವ ಹಾಗಿರುತ್ತದೆ. ಹತ್ತು ವರ್ಷ ಬಿಟ್ಟು ಹೇಳಿದರೆ ಕೇಳಿದವರು ನಗುತ್ತಾರೆ, ಅವರು ನಕ್ಕರಲ್ಲ ಎಂದು ನಾನೂ ನಗುತ್ತೇನೆ. ಅದರಲ್ಲಿ ಮೊಳಕಾಲ್ಮುರಿನ ಕೆಲಸದಲ್ಲಿ ಆದವು ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬಂದವು. ಅದಕ್ಕೇ ಸಾಲಾಗಿ ಹೇಳುತ್ತೇನೆ.

೧. ಟೇಪು ಹಿಡಿದ ಮಾಲೀಕರು

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿತ್ತು. ಚಳ್ಳಕೆರೆಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವನು, ಪ್ರೋಗ್ರಾಂ ಬರೆಯುವವನು, ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸುವವನು ಮೂರೂ ನಾನೇ. ಕೆಳಗೆ ಸ್ಕೂಟರ್ ಗ್ಯಾರೇಜು, ಮೇಲೆ ನಾವು. ಎಣ್ಣೆ ಮಿಲ್ಲುಗಳ ಕಡೆಯಿಂದ ಗಾಳಿ ಬೀಸಿದರೆ ಕೀಬೋರ್ಡಿಗೂ ಶೇಂಗಾ ವಾಸನೆ ಹತ್ತಿಕೊಳ್ಳುತ್ತಿತ್ತು.

ಮೊಳಕಾಲ್ಮುರಿನ ರೇಷ್ಮೆ ನೇಕಾರರ ಸಂಘವೊಂದು ನಮಗೆ ಕೆಲಸ ಕೊಟ್ಟಿತ್ತು. ಯಾವ ಸೀರೆಯ ಅಂಚು, ಯಾವ ಸೆರಗು ಯಾರ ಕೈಯಲ್ಲಿ ನೇಯ್ದದ್ದು ಎಂದು ಚಿತ್ರ ಸಮೇತ ತೋರಿಸುವ ಒಂದು ವೆಬ್ ಅಪ್ಲಿಕೇಶನ್. ಬರೆದದ್ದು ನಾನು. ತಿಂಗಳ ಕೊನೆಗೆ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಬಂದು ಅದನ್ನು ನೋಡಿ ಸರಿ ಅಂದರೆ, ಇನ್ನೂ ಆರು ಸಂಘಗಳ ಕೆಲಸ ನಮಗೆ ಬರುವುದಿತ್ತು. ಸರಿಯಿಲ್ಲ ಅಂದರೆ ಇದ್ದ ಒಂದೂ ಹೋಗುವುದಿತ್ತು.

ನಮ್ಮ ಮಾಲೀಕರು ಜೋರಾಗಿ ಮಾತಾಡುವವರಲ್ಲ. ಒಂದು ದಿನ ಬಟ್ಟೆ ಹೊಲಿಯುವವರ ಟೇಪು ಹಿಡಿದುಕೊಂಡು ಬಂದು ನನ್ನ ಮೇಜಿನ ಉದ್ದ ಅಗಲ ಅಳೆದರು.

"ಏನ್ ಸಾರ್, ಹೊಸ ಮೇಜು ತರ್ತೀರಾ?" ಎಂದು ಕೇಳಿದೆ.

"ಇಲ್ಲಪ್ಪ. ಅವತ್ತು ಆ ಪ್ರೋಗ್ರಾಂ ಬಿದ್ದು ಹೋಯ್ತು ಅಂದ್ರೆ ಸೆಂಟರ್ ಮುಚ್ಚಿ ಜೆರಾಕ್ಸ್ ಅಂಗಡಿ ಮಾಡ್ತೀನಿ. ಮಷಿನ್ ಇಲ್ಲಿಗೆ ಸರಿಯಾಗಿ ಕೂರ್ತೈತೆ."

"ನಾನು ಸಾರ್?"

ಮಾಲೀಕರು ಟೇಪು ಸುತ್ತಿಕೊಳ್ಳುತ್ತಾ, "ನೀನೂ ಕೂರ್ತೀಯ. ಒಂದು ಸ್ಟೂಲ್ ಹಾಕಬೌದು, ಅಳೆದೀನಿ" ಅಂದರು.

೨. ನವಿಲು ಮನೆ ಬದಲಾಯಿಸಿದ್ದು

ಪ್ರೋಗ್ರಾಂ ಚೆನ್ನಾಗಿಯೇ ಓಡುತ್ತಿತ್ತು. ಇದ್ದದ್ದು ಒಂದೇ ತಪ್ಪು. ಸಂಘದ ಸದಸ್ಯೆ ಒಬ್ಬ ಅಕ್ಕ ನೇಯ್ದ ನವಿಲಿನ ಅಂಚು ಕಂಪ್ಯೂಟರಿನಲ್ಲಿ ಆಕೆಯ ವಾರಗಿತ್ತಿಯ ಹೆಸರಿನಲ್ಲಿ ಬರುತ್ತಿತ್ತು. ಇಬ್ಬರೂ ಮಾತು ಬಿಟ್ಟು ಮೂರು ವರ್ಷವಾಗಿತ್ತೆಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಬಸ್ಸಿಳಿದು ಸಂಘದ ಕಚೇರಿಗೆ ಹೋಗುವಷ್ಟರಲ್ಲಿ ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು.

"ಏನಪ್ಪಾ, ನನ್ನ ನವಿಲು ಆಯಮ್ಮನ ಹೆಸರಿನಾಗೆ ಯಾಕೈತೆ?"

"ಅಕ್ಕಾ, ಅದು ಕಂಪ್ಯೂಟರ್ ತಪ್ಪು."

"ಕಂಪ್ಯೂಟರಿಗೂ ಆಯಮ್ಮಗೂ ಏನು ನಂಟು? ಆಯಮ್ಮಗೆ ನೆಟ್ಟಗೆ ಒಂದು ಗಿಳಿ ಎತ್ತಕ್ಕೆ ಬರಲ್ಲ, ನವಿಲು ನೇಯ್ತಾಳಾ?"

"ಎರಡು ದಿನ ಟೈಮ್ ಕೊಡ್ರಿ, ಸರಿ ಮಾಡ್ತೀನಿ."

"ಎರಡು ದಿನ ಬಿಟ್ರೆ ಮುಗೀತು. ಅಷ್ಟೊತ್ತಿಗೆ ಆ ನವಿಲು ಅವರ ಮನ್ಯಾಗೆ ಮೊಟ್ಟೆ ಇಟ್ಟು ಮರಿ ಮಾಡಿರ್ತೈತೆ."

೩. ಉಪ್ಪು, ಇದ್ದಿಲು, ನಾಲ್ಕು ಕೊಡ ನೀರು

ಇಂಥ ತಪ್ಪು ಹುಡುಕಲು ಡೀಬಗ್ಗರ್ ಎಂಬ ಸಾಧನ ಇರುತ್ತದೆ. ಓಡುತ್ತಿರುವ ಪ್ರೋಗ್ರಾಮನ್ನು ನಮಗೆ ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸಿ, ಆ ಹೊತ್ತಿನಲ್ಲಿ ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದು. ಚಳ್ಳಕೆರೆಯಲ್ಲಿ ಇದೇ ಪ್ರೋಗ್ರಾಮಿಗೆ ಡೀಬಗ್ಗರ್ ಹಾಕಿದರೆ ಏನೂ ಆಗುತ್ತಿರಲಿಲ್ಲ. ಆದರೆ ಅಲ್ಲಿ ಅಕ್ಕನ ನವಿಲೂ ಇರಲಿಲ್ಲ, ವಾರಗಿತ್ತಿಯೂ ಇರಲಿಲ್ಲ. ಎಲ್ಲರ ಮಾಹಿತಿ ಇದ್ದದ್ದು ಮೊಳಕಾಲ್ಮುರಿನ ಸರ್ವರಿನಲ್ಲಿ. ಹಾಗಾಗಿ ಅಲ್ಲಿಯೇ ಹಾಕಬೇಕು.

ಸಂಘದ ಕಚೇರಿಯಲ್ಲಿ ಎರಡು ಕೋಣೆ. ಮುಂದಿನ ಕೋಣೆಯ ಕಂಪ್ಯೂಟರಿನ ಮುಂದೆ ನಾನು. ಹಿಂದಿನ ಕೋಣೆಯಲ್ಲಿ ರೇಷ್ಮೆ ಗಂಟುಗಳು, ಅವುಗಳ ನಡುವೆ ಸರ್ವರ್, ಮತ್ತು ಬೀಗದ ಕೈ ಇಟ್ಟುಕೊಂಡು ಕಾವಲಿಗೆ ಕೂತ ಒಬ್ಬ ತಾತ. ನಲವತ್ತು ವರ್ಷ ಮಗ್ಗದಲ್ಲಿ ಕೂತು, ಕಣ್ಣು ಮಂಜಾದ ಮೇಲೆ ಈ ಕೆಲಸಕ್ಕೆ ಬಂದವರು.

ನಾನು ಡೀಬಗ್ಗರ್ ಹಾಕಿದೆ. ಪ್ರೋಗ್ರಾಂ ಬೇಕಾದ ಸಾಲಿಗೆ ಬಂದು ನಿಂತಿತು. ಸರಿ, ನೋಡೋಣ ಎಂದು ಕನ್ನಡಕ ಒರೆಸಿಕೊಂಡು ಒಂದೊಂದೇ ನೋಡುತ್ತಾ ಬರುವಷ್ಟರಲ್ಲಿ ಸಂಪರ್ಕವೇ ಕಡಿದುಹೋಯಿತು. ಸರ್ವರ್ ಇಲ್ಲ. ಐದು ನಿಮಿಷ ಬಿಟ್ಟು ನೋಡಿದರೆ ತಾನಾಗಿಯೇ ಎದ್ದು ಕೂತು ನಗುತ್ತಿದೆ. ಮತ್ತೆ ಹಾಕಿದೆ, ಮತ್ತೆ ಬಿತ್ತು. ಹಿಂದಿನ ಕೋಣೆಗೆ ಹೋಗಿ ಇಣುಕಿದೆ.

"ತಾತ, ಇಲ್ಲಿ ಏನಾದ್ರೂ ಆಯ್ತಾ?"

"ಏನೂ ಆಗಿಲ್ಲಪ್ಪ. ಎಲ್ಲಾ ಸರಿ ಐತೆ" ಎಂದರು ತಾತ.

ಯಾರೂ ನೋಡದಿದ್ದರೆ ದಿನವಿಡೀ ಓಡುತ್ತದೆ, ನೋಡಲು ಹೋದರೆ ಬೀಳುತ್ತದೆ. ಇದನ್ನು ಸಂಘದ ಅಧ್ಯಕ್ಷರಿಗೆ ಹೇಳಿದೆ. ಅವರ ಮಾತಿನಲ್ಲಿ ಕನ್ನಡ ಎಲ್ಲಿ ಮುಗಿದು ತೆಲುಗು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಕಷ್ಟ.

"ಅಂತೇನಾ? ಅರ್ಥ್ ಗುಂಡಿ ಒಣಗೈತೆ ಅಷ್ಟೇ" ಅಂದರು.

ಕರೆಂಟಿನ ಅರ್ಥ್ ತಂತಿ ಹೂತ ಗುಂಡಿ ಕಚೇರಿಯ ಹಿತ್ತಲಲ್ಲಿತ್ತು. ಉಪ್ಪು ತರಿಸಿದರು, ಇದ್ದಿಲು ತರಿಸಿದರು. ಅಧ್ಯಕ್ಷರು, ಅವತ್ತು ನನ್ನ ಜೊತೆ ಬಂದಿದ್ದ ಮಾಲೀಕರು, ನಾನು, ತಾತ ನಾಲ್ಕೂ ಜನ ನಲ್ಲಿಯಿಂದ ನೀರು ಹೊತ್ತು ಗುಂಡಿಗೆ ಸುರಿದೆವು. ನಾನು ಬಂದು ಡೀಬಗ್ಗರ್ ಹಾಕಿದೆ. ತಾತ ಇನ್ನೂ ಹಿತ್ತಲಲ್ಲಿ ಕೊಡ ತೊಳೆಯುತ್ತಿದ್ದರು. ಯಾವಾಗಲೂ ನಾಲ್ಕು ನಿಮಿಷಕ್ಕೆ ಬೀಳುತ್ತಿದ್ದದ್ದು ಹನ್ನೊಂದು ನಿಮಿಷ ನಿಂತಿತು, ಆಮೇಲೆ ಬಿತ್ತು.

ಅಧ್ಯಕ್ಷರು ಎದೆ ಉಬ್ಬಿಸಿ, "ಚೂಸ್ತಿವಾ, ನೋಡಿದ್ಯಾ? ಏಳು ನಿಮಿಷ ಲಾಭ. ನಾಳೆ ಎಂಟು ಕೊಡ ಹಾಕಾಣ" ಅಂದರು.

೪. ಊಟದ ಹೊತ್ತಿನ ವಿಜ್ಞಾನ

ನಾನು ಕಲಿತವನು. ನೀರು ಹೊರುವುದರಲ್ಲಿ ನನಗೆ ನಂಬಿಕೆ ಇರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲ ಬಿದ್ದ ಹೊತ್ತನ್ನು ಬರೆಯತೊಡಗಿದೆ. ನಾಲ್ಕು ದಿನ ಬರೆದ ಮೇಲೆ ಒಂದು ಸತ್ಯ ಹೊಳೆಯಿತು. ಮಧ್ಯಾಹ್ನ ಒಂದರಿಂದ ಎರಡರವರೆಗೆ ಡೀಬಗ್ಗರ್ ಹಾಕಿದರೆ ಪ್ರೋಗ್ರಾಂ ಬೀಳುವುದೇ ಇಲ್ಲ.

ಇದನ್ನು ಗ್ರಾಫ್ ಹಾಳೆಯ ಮೇಲೆ ಗೀಚಿ ಮಾಲೀಕರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಊಟದ ಹೊತ್ತಿಗೆ ಊರಿನ ಮಷಿನ್ನುಗಳೆಲ್ಲ ನಿಲ್ಲುತ್ತವೆ, ಆಗ ವೋಲ್ಟೇಜ್ ಚೆನ್ನಾಗಿರುತ್ತದೆ, ಸರ್ವರಿಗೆ ಬಲ ಬರುತ್ತದೆ ಎಂದು ವಿವರಿಸಿದೆ. ನನ್ನ ವಿವರಣೆ ಕೇಳಿ ನನಗೇ ಹೆಮ್ಮೆಯಾಯಿತು.

ಅಂದಿನಿಂದ ನನ್ನ ಕೆಲಸವೆಲ್ಲ ಆ ಒಂದು ಗಂಟೆಯಲ್ಲಿ. ಆದರೆ ನವಿಲಿನ ಅಕ್ಕನಿಗೂ ಮಗ್ಗದಿಂದ ಬಿಡುವು ಸಿಗುತ್ತಿದ್ದದ್ದು ಅದೇ ಹೊತ್ತಿಗೆ. ಆಕೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ವಾರಗಿತ್ತಿ ಮದುವೆಯಾಗಿ ಬಂದ ದಿನದಿಂದ ಹಿಡಿದು ಎಲ್ಲ ಹೇಳುತ್ತಿದ್ದಳು. ಕಥೆ ಮನೆಗೆ ನಡುಗೋಡೆ ಹಾಕಿದ ವರ್ಷಕ್ಕೆ ಬರುವಷ್ಟರಲ್ಲಿ ಎರಡು ಗಂಟೆ ಹೊಡೆಯುತ್ತಿತ್ತು, ನನ್ನ ಪ್ರೋಗ್ರಾಂ ಬೀಳುತ್ತಿತ್ತು.

ಹಸಿದುಕೊಂಡು ಕೂತ ನನ್ನನ್ನು ನೋಡಿ ತಾತನಿಗೆ ಕರುಳು ಚುರುಕ್ ಅಂದಿರಬೇಕು. ಮನೆಯಿಂದ ಊಟ ಮುಗಿಸಿ ಬರುವಾಗ ಒಂದು ಎಲೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬಂದರು.

"ಉಣ್ಣೋ ಹೊತ್ತಿನಾಗೆ ಉಣ್ಣಬೇಕಪ್ಪ. ನೋಡು, ನಾನು ಒಂದಕ್ಕೆ ಹೋಗ್ತೀನಿ, ಎರಡಕ್ಕೆ ಬರ್ತೀನಿ. ನಲವತ್ತು ವರ್ಷದಿಂದ ಒಂದು ನಿಮಿಷ ಆಚೆ ಈಚೆ ಮಾಡಿಲ್ಲ."

ನಾನು ರೊಟ್ಟಿ ತಿನ್ನುತ್ತಾ, ತಾತನ ಶಿಸ್ತನ್ನು ಮೆಚ್ಚಿ, ವೋಲ್ಟೇಜ್ ಬಗ್ಗೆ ಯೋಚಿಸುತ್ತಿದ್ದೆ.

೫. ಹಿಂಡಿ ಚೀಲ

ಸಾಹೇಬರು ಬರಲು ಐದು ದಿನ ಉಳಿದಿತ್ತು. ಚಳ್ಳಕೆರೆಯಲ್ಲಿ ಬೆಳಿಗ್ಗೆ ಸೆಂಟರಿನ ಬಾಗಿಲು ತೆಗೆಯದೆ ಕೆಳಗೆ ಗ್ಯಾರೇಜಿನ ಮುಂದೆ ಕೂತಿದ್ದೆ. ಗ್ಯಾರೇಜಿನ ಸಾಬರು ಕೈ ಒರೆಸಿಕೊಳ್ಳುತ್ತಾ ಬಂದರು.

"ಕ್ಯಾ ಮಾಷ್ಟ್ರೇ, ಮುಖ ಯಾಕೆ ಪಂಕ್ಚರ್ ಆಗೈತೆ?"

ಎಲ್ಲ ಹೇಳಿದೆ. ಜೆರಾಕ್ಸ್ ಮಷಿನ್ ಮುಂದೆ ಸ್ಟೂಲ್ ಮೇಲೆ ಕೂತು ಜಾತಿ ಸರ್ಟಿಫಿಕೇಟಿನ ನಕಲು ತೆಗೆಯುವುದು ಕಣ್ಣಿಗೆ ಕಟ್ಟಿದೆ ಎಂದೂ ಹೇಳಿದೆ. ಸಾಬರು ನಗಲಿಲ್ಲ. ಒಂದು ಟಯರ್ ಎಳೆದು ಅದರ ಮೇಲೆ ಕೂತರು.

"ಪರಶುರಾಂಪುರದ ಗೌಡ್ರು ಒಬ್ರು ಇದಾರೆ. ಅವರ ಸ್ಕೂಟರ್ ಚಳ್ಳಕೆರೆಗೆ ಬರಬೇಕಾದ್ರೆ ಫಸ್ಟ್ ಕ್ಲಾಸ್. ವಾಪಸ್ ಹೋಗಬೇಕಾದ್ರೆ ಅರ್ಧ ದಾರ್ಯಾಗೆ ಬಂದ್. ನಾನು ಕಾರ್ಬೊರೇಟರ್ ಬಿಚ್ಚಿದೆ, ಪ್ಲಗ್ ಬದಲಾಯಿಸಿದೆ, ಟ್ಯಾಂಕ್ ತೊಳೆದೆ. ಇಲ್ಲಿ ಓಡಿಸಿದ್ರೆ ಓಡ್ತೈತೆ. ಅವರು ಓಡಿಸಿಕೊಂಡು ಹೋದ್ರೆ ನಿಲ್ತೈತೆ. ನನ್ನ ಇಜ್ಜತ್ ಹೋಗೋ ಹಂಗೆ ಆಯ್ತು."

"ಆಮೇಲೆ?"

"ಒಂದು ದಿನ ಗಾಡಿ ನೋಡೋದು ಬಿಟ್ಟು ಅವರ ಹಿಂದೇನೇ ಹೋದೆ. ಅವರು ಸೀದಾ ಎಣ್ಣೆ ಮಿಲ್ಲಿಗೆ ಹೋಗಿ ಎಮ್ಮೆಗೆ ಅಂತ ಹಿಂಡಿ ಚೀಲ ತಗೊಂಡು ಕಾಲು ಇಡೋ ಜಾಗದಾಗೆ ನಿಲ್ಲಿಸಿಕೊಂಡ್ರು. ಚೀಲ ಅಲ್ಲಾಡಿ ಅಲ್ಲಾಡಿ ಸೀಟಿನ ಕೆಳಗಿನ ಪೆಟ್ರೋಲ್ ಕೊಳಾಯಿ ತಿರುಗಿಸಿ ಬಂದ್ ಮಾಡಿಬಿಡ್ತಾ ಇತ್ತು."

ಸಾಬರು ಎದ್ದು ಸ್ಪ್ಯಾನರ್ ಹಿಡಿದುಕೊಂಡರು. "ಗಾಡಿ ಸರಿ ಐತೆ ಅಂದ್ರೆ ಗಾಡಿ ಬಿಚ್ಚಬೇಡ ಮಾಷ್ಟ್ರೇ. ಪಕ್ಕದಾಗೆ ಏನೈತೆ ನೋಡು."

ಅಷ್ಟು ಬುದ್ಧಿ ಹೇಳಿದ ಸಾಬರು ಹಿಂಡಿ ಚೀಲದ ಸಂಗತಿಯನ್ನು ಗೌಡರಿಗೆ ಹೇಳಿದರಾ ಎಂದು ಕೇಳಿದೆ. "ಹೇಳಿದೆ. ಈಗ ಅವರು ಸ್ಕೂಟರ್ ಮಾರಿ ಬಸ್ಸಿನಾಗೆ ಬರ್ತಾರೆ. ಹಿಂಡಿ ಬಿಡಕ್ಕೆ ಆಗಲ್ಲ ಅಂದ್ರು."

೬. ಎರಡು ನೋಟ್‌ಬುಕ್ಕು

ಮಾರನೇ ದಿನ ಮೊಳಕಾಲ್ಮುರಿನಲ್ಲಿ ಡೀಬಗ್ಗರ್ ಹಾಕಿ, ಪರದೆ ನೋಡುವುದನ್ನು ಬಿಟ್ಟು, ಚಪ್ಪಲಿ ಕಳಚಿ ಹಿಂದಿನ ಕೋಣೆಯ ಬಾಗಿಲ ಮರೆಯಲ್ಲಿ ನಿಂತೆ.

ತಾತ ಸರ್ವರಿನ ಪರದೆಯನ್ನೇ ನೋಡುತ್ತಾ ಕೂತಿದ್ದರು. ಅದರ ಮೇಲೆ ನಿಮಿಷ ನಿಮಿಷಕ್ಕೂ ಬದಲಾಗುತ್ತ ಗಂಟೆ ತೋರಿಸುವ ಒಂದು ಪುಟ ಇತ್ತು. ನಾನೇ ಮಾಡಿದ್ದು. ಡೀಬಗ್ಗರ್ ಪ್ರೋಗ್ರಾಮನ್ನು ತಡೆದು ನಿಲ್ಲಿಸಿದ್ದರಿಂದ ಆ ಗಂಟೆಯೂ ನಿಂತಿತ್ತು. ತಾತ ತಮ್ಮ ಕೈಗಡಿಯಾರ ನೋಡಿಕೊಂಡರು, ಪರದೆ ನೋಡಿದರು. ಮೂರು ನಿಮಿಷ ಕಾದರು. ಆಮೇಲೆ ಎದ್ದು, ಪಂಚೆ ಸರಿಮಾಡಿಕೊಂಡು, ಯಂತ್ರಕ್ಕೆ ಒಂದು ಸಲ ಕೈ ಮುಗಿದು, ಗುಂಡಿ ಒತ್ತಿ ಹಿಡಿದು ಆರಿಸಿದರು. ಹತ್ತರವರೆಗೆ ಎಣಿಸಿದರು. ಮತ್ತೆ ಒತ್ತಿ ಹಚ್ಚಿದರು.

ನಾನು ಬಾಗಿಲ ಮರೆಯಿಂದ ಈಚೆ ಬಂದೆ. "ತಾತ" ಎಂದೆ. "ಏನು ಮಾಡ್ತಾ ಇದೀರಿ?"

"ನಿಂತಿತ್ತು. ಎಬ್ಬಿಸಿದೆ."

"ಯಾರು ಹೇಳಿದ್ರು ನಿಮಗೆ?"

ತಾತ ಸರ್ವರಿನ ಪಕ್ಕಕ್ಕೆ ಬೆರಳು ತೋರಿಸಿದರು. ಗೋಂದು ಹಚ್ಚಿ ಅಂಟಿಸಿದ ಒಂದು ಕಾಗದ. ಗಂಟೆ ನಿಂತರೆ ಮೂರು ನಿಮಿಷ ಕಾದು ಆಫ್ ಮಾಡಿ, ಹತ್ತು ಎಣಿಸಿ ಆನ್ ಮಾಡಿ ಎಂದು ಬರೆದಿತ್ತು. ಕೆಳಗೆ ಸಹಿ. ಅಕ್ಷರವೂ ನನ್ನದು, ಸಹಿಯೂ ನನ್ನದು. ಸರ್ವರ್ ತಂದಿಟ್ಟ ದಿನ ಬಸ್ಸಿಗೆ ಹೊತ್ತಾಯಿತೆಂದು ಗೀಚಿ ಅಂಟಿಸಿ ಓಡಿಹೋಗಿದ್ದೆ.

"ಮತ್ತೆ ನಾನು ಏನಾದ್ರೂ ಆಯ್ತಾ ಅಂತ ಕೇಳಿದಾಗ ಹೇಳಬಾರದಾ?"

"ನಾನು ಎಬ್ಬಿಸಿದ ಮೇಲೆ ನೀನು ಕೇಳ್ತಿದ್ದೆ. ಆಗ ಎಲ್ಲಾ ಸರೀನೇ ಇತ್ತಲ್ಲಪ್ಪ" ಎಂದರು ತಾತ. "ಮಗ್ಗದ ಮನ್ಯಾಗೆ ಒಂದು ಮಗ್ಗದ ಸದ್ದು ನಿಂತ್ರೆ ಹತ್ತಿರ ಇರೋನು ಎದ್ದು ಹೋಗಿ ನೋಡಬೇಕು. ಹೋಗ್ಲಾ ಬ್ಯಾಡ್ವಾ ಅಂತ ಕೇಳಿಕೊಂಡು ಕೂತ್ರೆ ಸೀರೆ ಆಗಲ್ಲ."

ಹನ್ನೆರಡು ದಿನ ನಾನು ಡೀಬಗ್ಗರಿನಿಂದ ತಡೆದು ನಿಲ್ಲಿಸಿದ್ದನ್ನು ತಾತ ಎಬ್ಬಿಸಿದ್ದರು. ಮಧ್ಯಾಹ್ನದ ವೋಲ್ಟೇಜು ಎಂದರೆ ತಾತನ ಊಟ. ಏಳು ನಿಮಿಷದ ಲಾಭ ಎಂದರೆ ತಾತ ತೊಳೆದ ಕೊಡ.

ಅವರೂ ಒಂದು ನೋಟ್‌ಬುಕ್ ಇಟ್ಟಿದ್ದರು. ನನ್ನದನ್ನು ಪಕ್ಕದಲ್ಲಿಟ್ಟು ನೋಡಿದೆ. ನಾನು ಹತ್ತೂ ಇಪ್ಪತ್ತು, ಬಿತ್ತು ಎಂದು ಬರೆದ ಕಡೆ ಅವರು ಹತ್ತೂ ಇಪ್ಪತ್ತು, ಎಬ್ಬಿಸಿದೆ ಎಂದು ಬರೆದಿದ್ದರು. ಒಂದೂ ತಪ್ಪಿರಲಿಲ್ಲ. ಕೊನೆಯ ಪುಟದಲ್ಲಿ ಅಧ್ಯಕ್ಷರಿಗೆ ಹೇಳಬೇಕೆಂದು ಗುರುತು ಹಾಕಿಕೊಂಡ ಒಂದು ಸಾಲಿತ್ತು: "ಚಳ್ಳಕೆರೆಯವನು ಬಂದ ದಿನ ಮಾತ್ರ ನಿಲ್ಲುತ್ತದೆ. ಅವನು ಬರುವುದನ್ನು ಕಡಿಮೆ ಮಾಡಿದರೆ ಒಳ್ಳೆಯದು."

೭. ಬರೆದು ಅಂಟಿಸಪ್ಪ

ಹಳೇ ಕಾಗದ ಕಿತ್ತು ಹೊಸದು ಅಂಟಿಸಿದೆ. ಯಾವ ಕಾರಣಕ್ಕೂ ಮುಟ್ಟಬೇಡಿ ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದೆ. ತಾತ ಎರಡು ಸಲ ಓದಿಕೊಂಡರು. ಅದಾದ ಮೇಲೆ ನವಿಲಿನ ತಪ್ಪು ಹುಡುಕಲು ಹತ್ತು ನಿಮಿಷ ಸಾಕಾಯಿತು. ನಡುಗೋಡೆ ಎದ್ದಿದ್ದರೂ ಎರಡು ಮನೆಗೂ ಒಂದೇ ನಂಬರು. ನನ್ನ ಪ್ರೋಗ್ರಾಂ ಮನೆ ನಂಬರ್ ನೋಡಿ ಮೊದಲು ಸಿಕ್ಕ ಹೆಸರು ಹಾಕುತ್ತಿತ್ತು. ಅಕ್ಕ ಅಷ್ಟು ದಿನ ಪಕ್ಕದಲ್ಲಿ ಕೂತು ಹೇಳಿದ್ದು ಅದನ್ನೇ. ನಾನು ಕಿವಿ ಕೊಟ್ಟಿರಲಿಲ್ಲ.

ಸಾಹೇಬರು ಬಂದರು. ಮುಂದಿನ ಕೋಣೆಯಲ್ಲಿ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದೆವು. ಅಧ್ಯಕ್ಷರು ಒಂದು ಕಡೆ, ನಮ್ಮ ಮಾಲೀಕರು ಒಂದು ಕಡೆ, ಬಾಗಿಲಲ್ಲಿ ಅಕ್ಕ. ಮಾಲೀಕರ ಶರ್ಟಿನ ಜೇಬಿನಿಂದ ಟೇಪಿನ ತುದಿ ಇಣುಕುತ್ತಿತ್ತು. ಬೇಕೆಂದೇ ಇಟ್ಟುಕೊಂಡು ಬಂದಿದ್ದರೋ ಏನೋ, ಕೇಳಲು ಧೈರ್ಯವಾಗಲಿಲ್ಲ.

ಸಾಹೇಬರು ಗಿಳಿ ನೋಡಿದರು, ಹಂಸ ನೋಡಿದರು. "ಚೆನ್ನಾಗಿದೆ" ಅಂದರು. ಆಮೇಲೆ ನವಿಲನ್ನು ಒತ್ತಿದರು. ಪುಟ ನಿಂತಿತು.

ಬಿಳೀ ಪರದೆ. ಒಂದು ನಿಮಿಷ ಆಯಿತು, ಮೂರಾಯಿತು. ಬೆಳಿಗ್ಗೆ ನವಿಲನ್ನು ಕೊನೆಯ ಸಲ ಪರೀಕ್ಷಿಸಲು ಹಾಕಿದ್ದ ಡೀಬಗ್ಗರನ್ನು ತೆಗೆಯಲು ಮರೆತಿದ್ದೇನೆಂದು ಗೊತ್ತಾದದ್ದು ಆಮೇಲೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ಅದು ಮಿಣುಕುತ್ತಲೇ ಇತ್ತಂತೆ. ನಾನು ನೋಡುತ್ತಿದ್ದದ್ದು ಟೇಪನ್ನು.

"ಏನಾಯ್ತು?" ಎಂದರು ಸಾಹೇಬರು.

ನಾನು ಹಿಂದಿನ ಕೋಣೆಗೆ ಓಡಿದೆ. ತಾತ ಕೈ ಕಟ್ಟಿಕೊಂಡು ಕೂತಿದ್ದರು.

"ತಾತ, ನಿಂತೈತೆ. ಎಬ್ಬಿಸ್ರಿ."

"ನೋಡ್ತಾ ಇದೀನಿ. ನಾಲ್ಕು ನಿಮಿಷ ಆಯ್ತು."

"ಎಬ್ಬಿಸ್ರಿ ಮತ್ತೆ."

ತಾತ ಹೊಸ ಕಾಗದ ತೋರಿಸಿದರು. "ಯಾವ ಕಾರಣಕ್ಕೂ ಅಂತ ಬರದೀಯ."

"ಅದು ನಾನೇ ಬರೆದದ್ದು, ಈಗ ನಾನೇ ಹೇಳ್ತಾ ಇದೀನಿ."

"ಬಾಯಲ್ಲಿ ಹೇಳಿದ್ದು ನಾಳೆ ನನ್ನ ತಲೆಗೆ ಬರ್ತೈತೆ. ಬರೆದು ಅಂಟಿಸಪ್ಪ."

ನಾನೇ ಒತ್ತಲು ಹೋದರೆ ಅಡ್ಡ ನಿಂತರು. ಇನ್ನೇನು ಮಾಡುವುದು, ಸೀರೆ ಡಬ್ಬಿಯ ಮುಚ್ಚಳ ಹರಿದು ಬರೆದುಕೊಟ್ಟೆ. ತಾತ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು. ಸಹಿ ಹಾಕಿಲ್ಲ ಅಂದರು. ಹಾಕಿದೆ. ಗೋಂದಿನ ಬಾಟಲಿ ಹುಡುಕಿ, ಹಳೆಯದರ ಮೇಲೆ ಹೊಸದನ್ನು ಅಂಟಿಸಿ, ನಾಲ್ಕೂ ಮೂಲೆ ಒತ್ತಿದರು. ಆಮೇಲೆ ಯಂತ್ರಕ್ಕೆ ಕೈ ಮುಗಿದು ಗುಂಡಿ ಒತ್ತಿದರು. ಹತ್ತು ಎಣಿಸುವಾಗ ನಾನೂ ಜೊತೆಗೆ ಎಣಿಸಿದೆ.

ಮುಂದಿನ ಕೋಣೆಗೆ ಬರುವಷ್ಟರಲ್ಲಿ ನಮ್ಮ ಮಾಲೀಕರು ಸಾಹೇಬರಿಗೆ ಶಾಂತವಾಗಿ ಹೇಳುತ್ತಿದ್ದರು: "ನಿಂತ್ರೆ ಏನಾಗ್ತೈತೆ ಅಂತ ತಮಗೂ ತೋರಿಸಬೇಕಿತ್ತು ಸಾರ್. ಈಗ ನೋಡ್ರಿ, ಯಾರೂ ಮುಟ್ಟಲ್ಲ, ತಾನೇ ಏಳ್ತೈತೆ." ಸರ್ವರ್ ಆರಿದಾಗ ಡೀಬಗ್ಗರೂ ಕಳಚಿಕೊಂಡಿತ್ತು, ಪುಟ ತೆರೆದುಕೊಂಡಿತು. ನವಿಲು ಬಂತು, ಕೆಳಗೆ ಅಕ್ಕನ ಹೆಸರು. ಬಾಗಿಲಲ್ಲಿ ನಿಂತ ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡು, "ವಚ್ಚೇಸಿಂದಿ, ಮನೆಗೆ ಬಂತು" ಅಂದಳು. ನನಗೂ ಅಳು ಬಂದಂತಾಯಿತು, ಆದರೆ ನನ್ನದು ಬೇರೆ ಕಾರಣಕ್ಕೆ.

ಹದಿನೈದು ದಿನಕ್ಕೆ ವರದಿ ಬಂತು. ಅದರ ನಕಲು ತೆಗೆಸಲು ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿ ಸ್ಟೂಲ್ ಮೇಲೆ ಕೂತವನನ್ನು ನೋಡಿ ಪಾಪ ಅನ್ನಿಸಿತು. ನಕಲನ್ನು ಮೊಳಕಾಲ್ಮುರಿಗೆ ಒಯ್ದು ತಾತನಿಗೆ ಓದಿ ಹೇಳಿದೆ. ತಂತ್ರಾಂಶ ತೃಪ್ತಿಕರವಾಗಿದೆ, ಕೆಲಸ ನಿಂತ ಸಂದರ್ಭದಲ್ಲಿ ತಾನಾಗಿಯೇ ಪುನಃ ಆರಂಭಗೊಳ್ಳುವ ವ್ಯವಸ್ಥೆಯು ವಿಶೇಷವಾಗಿ ಮೆಚ್ಚುವಂಥದ್ದು, ಇದೇ ವ್ಯವಸ್ಥೆಯನ್ನು ಉಳಿದ ಆರೂ ಸಂಘಗಳಲ್ಲಿ ಕಡ್ಡಾಯವಾಗಿ ಅಳವಡಿಸತಕ್ಕದ್ದು ಎಂದಿತ್ತು.

"ವ್ಯವಸ್ಥೆ ಅಂದ್ರೆ?" ಎಂದು ಕೇಳಿದರು ತಾತ.

"ನೀವೇ ತಾತ."

ತಾತ ಕನ್ನಡಕ ತೆಗೆದು ಒರೆಸಿದರು. ಬೆರಳ ಮೇಲೆ ಏನೋ ಲೆಕ್ಕ ಹಾಕಿದರು. ಆಮೇಲೆ, "ಆರು ಊರಿಗೂ ಹೋಗ್ತೀನಿ, ಅದಕ್ಕೇನು. ಆದ್ರೆ ಒಂದರಿಂದ ಎರಡರವರೆಗೆ ಯಾವುದೂ ನಿಲ್ಲಬಾರದು ಅಂತ ಬರೆದು ಅಂಟಿಸಿಬಿಡು" ಅಂದರು.